ಆಫ್ ಆಗದ ಅಯಸ್ಕಾಂತ

‘ಮಷೀನ್ ಆಫ್ ಇದೆ, ಒಳಗೆ ಹೋಗಿ, ಏನಾಗಲ್ಲ.’ ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಂತು ಈ ಮಾತಾಡುವವರಿಗೆ ಒಳಗಿರುವುದು ಏನೆಂದು ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಲೆಕ್ಕಕ್ಕಿಲ್ಲ. ಎರಡೂ ಅಕ್ಷಮ್ಯ.

ಸ್ಕ್ಯಾನ್ ಮುಗಿದಾಗ ನಿಲ್ಲುವುದು ಸದ್ದು ಮಾತ್ರ. ಆ ಬಡಿತ ಗ್ರೇಡಿಯಂಟ್ ಸುರುಳಿಗಳದ್ದು. ಮುಖ್ಯ ಅಯಸ್ಕಾಂತದ ರೀತಿಯೇ ಬೇರೆ. ಸಾಮಾನ್ಯ ಬಳಕೆಯ ಯಂತ್ರಗಳಲ್ಲಿ ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿಯನ್ನು ದ್ರವ ಹೀಲಿಯಂ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗಿಟ್ಟಿರುತ್ತದೆ. ಆ ಚಳಿಯಲ್ಲಿ ತಂತಿಗೆ ವಿದ್ಯುತ್ ರೋಧವೇ ಇರದು. ಒಮ್ಮೆ ತುಂಬಿದ ಕರೆಂಟು ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತದೆ. ಆಸ್ಪತ್ರೆಯ ದೀಪ ಆರಿದರೂ, ಭಾನುವಾರ ಬೀಗ ಬಿದ್ದರೂ, ನಡುರಾತ್ರಿ ನೆಲ ಒರೆಸಲು ಯಾರಾದರೂ ಬಂದರೂ 1.5 ಟೆಸ್ಲಾ ಕಾಂತಕ್ಷೇತ್ರ ಅಲ್ಲೇ ಇರುತ್ತದೆ. ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು.

ಇನ್ನೂ ಕೇಳಿ. ಕಬ್ಬಿಣವನ್ನು ಎಳೆಯುವ ಬಲಕ್ಕೆ ಕ್ಷೇತ್ರದ ತೀವ್ರತೆಯಷ್ಟೇ ಅಲ್ಲ, ಅದು ದೂರದೊಂದಿಗೆ ಎಷ್ಟು ಬೇಗ ಬದಲಾಗುತ್ತದೆ ಎಂಬುದೂ ಕಾರಣ. ಕ್ಷೇತ್ರ ಹೊರಗೆ ಹರಡದಂತೆ ಈಗಿನ ಯಂತ್ರಗಳಲ್ಲಿ ಎದುರು ಸುರುಳಿಗಳಿಂದ ಅದನ್ನು ಅದುಮಿರುತ್ತಾರೆ. ಹಾಗಾಗಿ ಬಾಗಿಲ ಬಳಿ ಏನೂ ಅನ್ನಿಸುವುದಿಲ್ಲ. ಯಂತ್ರದ ಸುರಂಗದ ಬಾಯಿ ಹತ್ತಿರವಾದಂತೆ ಒಂದೆರಡು ಹೆಜ್ಜೆಯಲ್ಲೇ ಸೆಳೆತ ಒಮ್ಮೆಲೇ ಏರುತ್ತದೆ. ‘ಗಟ್ಟಿಯಾಗಿ ಹಿಡ್ಕೊಂಡಿದೀನಿ’ ಎನ್ನುವ ತೋಳಿಗೆ ಅಲ್ಲಿ ಬೆಲೆಯಿಲ್ಲ.

2001ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಲ್‌ಹಲಾದಲ್ಲಿ ಸ್ಕ್ಯಾನಿಗೆ ಮಲಗಿದ್ದ ಆರು ವರ್ಷದ ಹುಡುಗನನ್ನು ಉಕ್ಕಿನ ಆಕ್ಸಿಜನ್ ಸಿಲಿಂಡರ್ ಹಾರಿ ಬಂದು ಕೊಂದಿತು. ಮರುವರ್ಷವೇ ಅಮೆರಿಕದ ರೇಡಿಯಾಲಜಿ ಕಾಲೇಜು ಸುರಕ್ಷತಾ ಮಾರ್ಗಸೂಚಿ ಪ್ರಕಟಿಸಿತು. ಅದಾಗಿ ಸುಮಾರು ಹದಿನಾರು ವರ್ಷ ಕಳೆದ ಮೇಲೆ, 2018ರ ಜನವರಿಯಲ್ಲಿ, ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಸಂಬಂಧಿ ಯುವಕನೊಬ್ಬ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಬಿಟ್ಟ. ಯಂತ್ರ ಆಫ್ ಆಗಿದೆ ಎಂದು ಸಿಬ್ಬಂದಿಯೇ ಹೇಳಿದ್ದರೆಂಬುದು ಕುಟುಂಬದ ಆರೋಪ. 2025ರ ಜುಲೈನಲ್ಲಿ ಮತ್ತೆ ನ್ಯೂಯಾರ್ಕಿನ ವೆಸ್ಟ್‌ಬರಿಯಲ್ಲಿ, ಕೊರಳಿಗೆ ಭಾರದ ಲೋಹದ ಸರಪಳಿ ಹಾಕಿದ್ದ ವ್ಯಕ್ತಿ ಹೆಂಡತಿಯನ್ನು ಎಬ್ಬಿಸಲು ಒಳಗೆ ಹೋಗಿ ಸತ್ತ. ಇವನ್ನೆಲ್ಲ ಆಕಸ್ಮಿಕ ಎನ್ನಬೇಡಿ. ಭೌತಶಾಸ್ತ್ರ ಪ್ರತಿಬಾರಿಯೂ ಹೇಳಿದಂತೆಯೇ ನಡೆದುಕೊಂಡಿದೆ.

ಗೋಡೆಯ ಮೇಲೆ ಕ್ವೆಂಚ್ ಬಟನ್ ಇದೆಯಲ್ಲ ಎನ್ನುತ್ತಾರೆ. ಅದನ್ನು ಒತ್ತಿದರೆ ಹೀಲಿಯಂ ಕುದಿದು ಹೊರಹೋಗುತ್ತದೆ, ಕ್ಷೇತ್ರ ಇಳಿಯಲು ಹಲವು ಸೆಕೆಂಡುಗಳೇ ಬೇಕು. ಅಂಟಿಕೊಂಡವರನ್ನು ಬಿಡಿಸಲು ಅದು ಬೇಕೇ ಬೇಕು. ಹಾರಿ ಬರುವ ಸಿಲಿಂಡರನ್ನು ಮಾತ್ರ ಅದು ತಡೆಯದು.

ರೋಗಿಗಳೂ ಕೇಳಿಸಿಕೊಳ್ಳಬೇಕು. ಪೇಸ್‌ಮೇಕರ್, ಮಿದುಳಿನ ಹಳೆಯ ಕ್ಲಿಪ್, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಇವನ್ನೆಲ್ಲ ಕೇಳುವ ಫಾರಂ ಓದದೆ ಸಹಿ ಹಾಕುವುದು ಜೀವದ ಜೊತೆ ಆಟ.

ಆದರೂ ದೊಡ್ಡ ತಪ್ಪು ಆಡಳಿತದ್ದು. ಕೋಟಿಗಟ್ಟಲೆ ಕೊಟ್ಟು ಯಂತ್ರ ತರುತ್ತಾರೆ, ಅಲ್ಯೂಮಿನಿಯಂ ಸಿಲಿಂಡರಿಗೆ, ಬಾಗಿಲಲ್ಲಿಡುವ ಕಬ್ಬಿಣ ಶೋಧಕಕ್ಕೆ ಹಣವಿಲ್ಲ ಎನ್ನುತ್ತಾರೆ. ನಿನ್ನೆ ಗುತ್ತಿಗೆಯ ಮೇಲೆ ಸೇರಿದ ಹುಡುಗನನ್ನು ಒಂದು ಗಂಟೆಯ ತರಬೇತಿಯೂ ಇಲ್ಲದೆ ಆ ಕೋಣೆಗೆ ಕಳಿಸುತ್ತಾರೆ. ಅವಘಡವಾದಾಗ ಪೊಲೀಸರು ಮೊದಲು ಹಿಡಿಯಬೇಕಾದದ್ದು ಆ ಹುಡುಗನನ್ನಲ್ಲ, ಅವನನ್ನು ಹಾಗೆ ಕಳಿಸಿದ ಆಡಳಿತಾಧಿಕಾರಿಯನ್ನು.