ಬರುವನೋ, ಬಾರನೋ?

ಯಾವುದೇ ಆಯ್ಕೆಯಲ್ಲಿ ಎರಡು ಪ್ರಶ್ನೆಗಳು ಅಡಗಿರುತ್ತವೆ. ಈತನು ಯೋಗ್ಯನೆ ಎಂಬುದು ಮೊದಲನೆಯದು. ಕರೆದರೆ ಈತನು ಬರುವನೆ ಎಂಬುದು ಎರಡನೆಯದು. ಮೊದಲನೆಯದನ್ನು ಬಯಲಿನಲ್ಲಿ, ಹತ್ತು ಜನರ ಕಣ್ಣೆದುರಿನಲ್ಲಿ ಪರೀಕ್ಷಿಸುತ್ತಾರೆ. ಎರಡನೆಯದನ್ನು ಮಾತ್ರ ಮನಸ್ಸಿನೊಳಗೇ ತೀರ್ಮಾನಿಸಿಬಿಡುತ್ತಾರೆ. ಮೊದಲನೆಯದರಲ್ಲಿ ತಪ್ಪಾದರೆ ನೋಡಿದವರು ಹೇಳಿಯಾರು; ಎರಡನೆಯದರಲ್ಲಿ ತಪ್ಪಾದರೆ ಅದು ತಿಳಿಯುವ ದಾರಿಯೇ ಇಲ್ಲ. ಕರೆಯದೆ ಬಿಟ್ಟವನು "ಕರೆದಿದ್ದರೆ ಬರುತ್ತಿದ್ದೆ" ಎಂದು ಯಾರ ಬಾಗಿಲಿಗೆ ಹೋಗಿ ಹೇಳಿಯಾನು? ಈ ಎರಡನೆಯ ಪ್ರಶ್ನೆಯ ವಿಚಾರವಾಗಿ, ನಮ್ಮ ಜಿಲ್ಲೆಯ ಹಾಕಿ ಆಟವನ್ನು ಮುಂದಿಟ್ಟುಕೊಂಡು, ನನ್ನ ಅಭಿಪ್ರಾಯವನ್ನು ಓದುಗ ಮಿತ್ರರ ಮುಂದಿಡಬಯಸುತ್ತೇನೆ.

ಕೊಡಗು ಹಾಕಿಯ ತವರೆಂಬ ಮಾತನ್ನು ಬಾಲ್ಯದಿಂದಲೂ ಕೇಳಿದ್ದೇವೆ. ಅದು ಬರಿಯ ಹೆಮ್ಮೆಯ ಮಾತಲ್ಲ. ೧೯೭೨ರ ಮ್ಯೂನಿಚ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ. ಪಿ. ಗಣೇಶ್ ಮತ್ತು ಬಿ. ಪಿ. ಗೋವಿಂದ ಅವರಿದ್ದರು. ೧೯೭೫ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿಯೂ ಗೋವಿಂದ ಅವರಿದ್ದರು. ೧೯೮೦ರ ಮಾಸ್ಕೋ ಚಿನ್ನದಲ್ಲಿ ಎಂ. ಎಂ. ಸೋಮಯ್ಯನವರ ಪಾಲಿದೆ. ಈಚಿನವರಲ್ಲಿ ಅರ್ಜುನ್ ಹಾಲಪ್ಪ, ವಿ. ಆರ್. ರಘುನಾಥ್, ಸೋಮವಾರಪೇಟೆಯ ಎಸ್. ವಿ. ಸುನಿಲ್ ಮುಂತಾದವರ ಹೆಸರು ಯಾರಿಗೆ ತಿಳಿಯದು? ಇಂಥವರನ್ನು ಮುಂದೆಯೂ ಪಡೆಯಬೇಕೆಂದೇ ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯ, ಮಡಿಕೇರಿಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರ ಇವೆಲ್ಲ ಇರುವುದು. ಇಂಥ ಸಂಸ್ಥೆಗಳಲ್ಲಿ ಸ್ಥಾನಗಳು ಮಿತವಾದವು. ಒಂದು ಸ್ಥಾನ ಬರಿದಾಗಿ ಹೋಗಬಾರದೆಂಬ ಚಿಂತೆ ಆರಿಸುವವರಿಗೆ ಸಹಜ. ಊರಿನ ಶಾಲೆಯಿಂದ ಹೆಸರು ಕಳುಹಿಸುವವರಿಗೂ ಅದೇ ಚಿಂತೆ. ಆ ಚಿಂತೆಯಿಂದಲೇ "ಬರುವನೋ, ಬಾರನೋ" ಎಂಬ ಊಹೆ ಹುಟ್ಟುತ್ತದೆ.

ಈ ಊಹೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ೧೯೬೫ರಿಂದ ಒಂದು ಪದ್ಧತಿ ನಡೆದುಬಂದಿದೆ. ಪ್ರತಿವರ್ಷ ಕ್ಲಬ್ಬುಗಳು ಸರದಿಯ ಮೇಲೆ ಹೊಸ ಹುಡುಗರನ್ನು ಹೆಸರಿಸಿ ಆರಿಸಿಕೊಳ್ಳುತ್ತವೆ. ಆದರೆ ಆರಿಸಿದ ಮಾತ್ರಕ್ಕೆ ಹುಡುಗನು ಬರಲೇಬೇಕೆಂದಿಲ್ಲ. "ಒಲ್ಲೆ, ಕಾಲೇಜಿಗೆ ಹೋಗುತ್ತೇನೆ" ಎನ್ನುವ ಹಕ್ಕು ಅವನಿಗುಂಟು. ಈ ಪದ್ಧತಿಯನ್ನೇ ಅನುಕರಿಸಿ ಗಣಕಯಂತ್ರದ ಮೇಲೆ ಆಡುವ ಆಟವೂ ಇದೆ. ಅದರಲ್ಲಿ ಪ್ರತಿಯೊಬ್ಬ ಹುಡುಗನ ಹೆಸರಿನ ಮುಂದೆ, ಸುಲಭವಾಗಿ ಬರುವವನು, ಬರುವುದು ಕಷ್ಟ, ಬರಲಾರ ಎಂಬಂಥ ಗುರುತು ಇರುತ್ತದೆ. ಆಡುವವನು ಅದನ್ನು ನೋಡಿ ಲೆಕ್ಕ ಹಾಕಿದರೆ ಮುಗಿಯಿತು. ಆಟಕ್ಕೆ ಅದು ಸರಿ. ಯಂತ್ರದ ಹುಡುಗನಿಗೆ ಮನೆಯಿಲ್ಲ, ತಾಯಿಯಿಲ್ಲ, ನಾಳೆಯಿಲ್ಲ. ನಮ್ಮಲ್ಲಿ ಅಂಥ ಅಂಕಣವನ್ನು ಯಾವ ಕಾಗದದ ಮೇಲೂ ಬರೆಯುವುದಿಲ್ಲ. ಆದರೂ ಹಲವರ ತಲೆಯಲ್ಲಿ ಅದು ಬರೆದೇ ಇರುತ್ತದೆ.

ಅದನ್ನು ಯಾವ ಅಳತೆಯಿಂದ ಬರೆಯುತ್ತಾರೆ? ನಾನು ಕಂಡುಕೊಂಡಂತೆ ಅಳತೆಗಳು ಮೂರು. ತೋಟವಿರುವ ಮನೆಯ ಹುಡುಗನಾದರೆ, "ಅವನು ಬೆಂಗಳೂರಿಗೆ ಓದಲು ಹೋಗುತ್ತಾನೆ, ಇಲ್ಲಿಗೆ ಬಾರನು" ಎನ್ನುತ್ತಾರೆ. ತೋಟದ ಲೈನ್ ಮನೆಯ ಹುಡುಗನಾದರೆ, ಎರವರ ಅಥವಾ ಜೇನುಕುರುಬರ ಹಾಡಿಯ ಹುಡುಗನಾದರೆ, "ಬಂದರೂ ನಿಲ್ಲನು, ಕಾಫಿ ಕೊಯ್ಲು ಬಂದೊಡನೆ ಓಡುತ್ತಾನೆ" ಎನ್ನುತ್ತಾರೆ. ಹುಡುಗಿಯಾದರೆ, "ಮನೆಯವರು ಕಳುಹಿಸಲಾರರು" ಎನ್ನುತ್ತಾರೆ. ಈ ಮೂರರಲ್ಲಿಯೂ ಆಡುವವರ ಮಾತು ಎಲ್ಲಿದೆ? ಒಂದೆಡೆ ತಂದೆಯ ಎಕರೆ ಮಾತನಾಡಿತು, ಒಂದೆಡೆ ತಂದೆಯ ಕೂಲಿ ಮಾತನಾಡಿತು, ಒಂದೆಡೆ ನೆರೆಹೊರೆಯವರ ನಾಲಿಗೆ ಮಾತನಾಡಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ಕಂಡು ನಗುತ್ತೇವೆ. ಕೇಳುವ ಮೊದಲೇ ಉತ್ತರ ಬರೆದವರನ್ನು ಕಂಡು ಏನು ಮಾಡಬೇಕು?

ನನ್ನೊಡನೆ ಪ್ರೌಢಶಾಲೆಯಲ್ಲಿ ಓದಿದ ಗೆಳೆಯನೊಬ್ಬನಿದ್ದ. ನಮ್ಮ ತಂಡದ ಹಾಫ್‌ಬ್ಯಾಕ್. ಅವನನ್ನು ದಾಟಿ ಚೆಂಡು ಹೋಗುವುದು ಅಪರೂಪ. ತಾಯಿ ತಂದೆ ಇಬ್ಬರೂ ತೋಟದ ಕೆಲಸದವರು. ಆಯ್ಕೆಗೆ ಕಳುಹಿಸುವವರ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. "ಅವನು ಬರುವವನಲ್ಲ" ಎಂಬುದಷ್ಟೇ ಕಾರಣವಾಗಿತ್ತು. ಅವನನ್ನು ಯಾರೂ ಕೇಳಿರಲಿಲ್ಲ. ಊಟ, ವಸತಿ, ತರಬೇತಿಗಳಿಗೆ ಹಣ ಕೊಡಬೇಕಾಗಿಲ್ಲವೆಂಬುದೇ ಅವನ ತಾಯಿಗೆ ತಿಳಿದಿರಲಿಲ್ಲ. ಈಗ ಅವನು ಜೀಪು ಓಡಿಸುತ್ತಾನೆ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅವನು ಕೂಡಿಗೆಗೆ ಹೋಗಿದ್ದರೆ ಒಲಿಂಪಿಕ್ಸಿಗೆ ಹೋಗುತ್ತಿದ್ದನೆಂದೂ ಹೇಳಲಾರೆ. ಬಾರೆನೆಂದು ಹೇಳುವ ಹಕ್ಕಾದರೂ ಅವನಿಗೇ ಇರಬೇಕಾಗಿತ್ತು ಎಂಬುದಷ್ಟೇ ನನ್ನ ವಾದ.

ಬರುವ ಮನಸ್ಸು ಎತ್ತರ ತೂಕಗಳಂತೆ ಅಳೆಯಬಹುದಾದ ಗುಣವಲ್ಲ. ಕರೆಯುವವರು ಯಾರು, ಹೇಗೆ ಕರೆದರು ಎಂಬುದರ ಮೇಲೆ ಅದು ನಿಂತಿದೆ. ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿಯೆಂದರೆ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ. ೧೯೯೭ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಅದನ್ನು ಆರಂಭಿಸಿದಾಗ ೬೦ ಕುಟುಂಬಗಳ ತಂಡಗಳು ಬಂದವು. ೨೦೨೪ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ ತಂಡಗಳ ಸಂಖ್ಯೆ ೩೬೦ಕ್ಕೆ ಏರಿ, ಗಿನ್ನೆಸ್ ದಾಖಲೆಗೂ ಸೇರಿತು. ಅಲ್ಲಿ ಹಣವಿದೆಯೆಂದು ಯಾರೂ ಬರುವುದಿಲ್ಲ. ಸೈನ್ಯದಲ್ಲಿರುವವರು ರಜೆ ಹಾಕಿ ಬರುತ್ತಾರೆ. ದೂರದ ನಗರಗಳ ಉದ್ಯೋಗಿಗಳು ಬರುತ್ತಾರೆ. ಹೆಣ್ಣುಮಕ್ಕಳು ಗಂಡಸರ ಜೊತೆಗೇ ಬಯಲಿಗೆ ಇಳಿಯುತ್ತಾರೆ. "ಬಾರರು" ಎಂಬ ಗುರುತು ಬೀಳುವಂಥವರೇ ಅಲ್ಲಿ ಬಂದು ನಿಂತಿರುತ್ತಾರೆ. ಒಕ್ಕ ಕರೆಯಿತು, ಬಂದರು. ಕರೆಯಲ್ಲಿ ಆತ್ಮೀಯತೆ ಇದ್ದುದೇ ಕಾರಣ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. "ಎಲ್ಲರನ್ನೂ ಕರೆಯುತ್ತ ಹೋದರೆ, ಬಾರದವನಿಗಾಗಿ ಕಾದಿಟ್ಟ ಸ್ಥಾನ ನಷ್ಟವಾಗುವುದಲ್ಲ? ಬರಲು ಸಿದ್ಧನಿದ್ದ ಬಡ ಹುಡುಗನಿಗೆ ಅನ್ಯಾಯವಾಗುವುದಲ್ಲ?" ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ನಷ್ಟದ ಭಯಕ್ಕೆ ಮದ್ದು ಊಹೆಯಲ್ಲ, ನಿಯಮ. ೨೦೧೨ರಲ್ಲಿ ಪಿಟ್ಸ್‌ಬರ್ಗ್ ಕ್ಲಬ್ಬು ಎಂಟನೆಯ ಸರದಿಯಲ್ಲಿ ಮಾರ್ಕ್ ಅಪೆಲ್ ಎಂಬ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಯನ್ನು ಆರಿಸಿತು. ಅವನು ಒಪ್ಪದೆ ಓದಿಗೆ ಮರಳಿದನು. ಕ್ಲಬ್ಬಿಗೆ ನಿಯಮದಂತೆ ಮುಂದಿನ ವರ್ಷ ಒಂಬತ್ತನೆಯ ಸರದಿ ಹೆಚ್ಚುವರಿಯಾಗಿ ದೊರೆಯಿತು. ಅಪೆಲ್‌ನನ್ನು ೨೦೧೩ರಲ್ಲಿ ಹ್ಯೂಸ್ಟನ್ ಕ್ಲಬ್ಬು ಎಲ್ಲರಿಗಿಂತ ಮೊದಲು ಆರಿಸಿತು. ಅವನು ಅತ್ಯುನ್ನತ ದರ್ಜೆಯ ಪಂದ್ಯ ಆಡಿದ್ದು ಮಾತ್ರ ೨೦೨೨ರಲ್ಲಿ, ಮತ್ತೊಂದು ಕ್ಲಬ್ಬಿನ ಪರವಾಗಿ. ಹೀಗೆ ಬಲ್ಲವರ ಊಹೆಯೂ ಕೈಕೊಡುತ್ತದೆ. ಆದರೆ ನಿಯಮವಿದ್ದುದರಿಂದ ಕೇಳಿದವರು ಕೆಡಲಿಲ್ಲ, ಒಲ್ಲೆನೆಂದವನೂ ಕೆಡಲಿಲ್ಲ.

ನಮ್ಮಲ್ಲಿಯೂ ಇದು ಅಸಾಧ್ಯವಲ್ಲ. ಮೊದಲನೆಯದಾಗಿ, ಶಾಲೆಯಿಂದ ಹೆಸರು ಕಳುಹಿಸುವಾಗ ಆಟವನ್ನು ಮಾತ್ರ ನೋಡಲಿ. ಮನೆಯನ್ನು ನೋಡುವುದು ಬೇಡ. ಎರಡನೆಯದಾಗಿ, ಆಯ್ಕೆಯಾದವನ ಮನೆಗೆ ಒಬ್ಬರು ಹೋಗಿ, ಊಟವೇನು, ಓದೇನು, ರಜೆ ಯಾವಾಗ, ಪೆಟ್ಟಾದರೆ ಯಾರು ನೋಡುವರು, ಆಟ ಕೈಬಿಟ್ಟರೆ ಮುಂದಿನ ದಾರಿಯೇನು ಎಂಬುದನ್ನು ಅವರಾಡುವ ಮಾತಿನಲ್ಲಿಯೇ ತಿಳಿಸಲಿ. ಮೂರನೆಯದಾಗಿ, ಉತ್ತರಕ್ಕೆ ಒಂದು ದಿನ ಗೊತ್ತುಮಾಡಿ, ಆ ದಿನ ಕಳೆದರೆ ಸ್ಥಾನವು ಕಾದಿರುವವರ ಪಟ್ಟಿಯಲ್ಲಿ ಮುಂದಿನವನಿಗೆ ಹೋಗಲಿ. ನಾಲ್ಕನೆಯದಾಗಿ, ಒಲ್ಲೆನೆಂದವನ ಕಾರಣವನ್ನು ಬರೆದಿಡಲಿ. ಹತ್ತು ಮಂದಿ ಕೊಯ್ಲಿನ ಕಾರಣವನ್ನೇ ಹೇಳಿದರೆ ಕೊಯ್ಲಿನ ವಿಚಾರವನ್ನು ಯೋಚಿಸಬಹುದು, ಹುಡುಗರನ್ನು ದೂರಬೇಕಾಗಿಲ್ಲ.

ಇದು ಹಾಕಿಯ ಮಾತಷ್ಟೇ ಅಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನಂಥವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನಮ್ಮ ಬಗೆಗೂ "ಈ ಮನೆಯ ಹುಡುಗ ಓದಲು ಹೋಗುವನೆ?" ಎಂದು ಊಹಿಸಿದವರಿದ್ದರು, "ಅರ್ಜಿ ತುಂಬು, ಆಮೇಲೆ ನೋಡೋಣ" ಎಂದವರೂ ಇದ್ದರು. ನಾವು ಇಂದು ಇಲ್ಲಿ ಕುಳಿತಿರುವುದು ಎರಡನೆಯವರ ದಯೆಯಿಂದ. ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗುವರು, ಕೆಲವರು ಅಧಿಕಾರಿಗಳಾಗುವರು. ಪಟ್ಟಿ ಬರೆಯುವ ಲೇಖನಿ ನಮ್ಮ ಕೈಗೂ ಬರುವುದು. ಆಗ ಒಂದು ಹೆಸರಿನ ಮೇಲೆ ಗೆರೆ ಎಳೆಯುವ ಮೊದಲು, ಆ ಹೆಸರಿನವನನ್ನು ಒಮ್ಮೆ ಕೇಳೋಣ. ಬಾರೆನೆಂದರೆ ನಮಸ್ಕರಿಸಿ ಮುಂದೆ ಹೋಗೋಣ. ಕೇಳಲು ತಗಲುವುದು ಒಂದು ಮಾತು. ಕೇಳದೆ ಹೋದರೆ ಕಳೆದುಕೊಳ್ಳುವುದು ಎಷ್ಟೆಂದು ಯಾವ ಪಟ್ಟಿಯೂ ಹೇಳಲಾರದು.