ಠಾಣೆಗೆ ಹೋದ ಬುತ್ತಿ



ಕಳೆದ ಶ್ರಾವಣ ಮಾಸದಲ್ಲಿ ಕಾಗಿನೆಲೆಯ ಸದ್ಭಕ್ತರೊಬ್ಬರ ಮನೆಯಲ್ಲಿ ಒಂದು ವಾರದ ಪ್ರವಚನಕ್ಕಾಗಿ ನಮ್ಮನ್ನು ಬರಮಾಡಿಕೊಂಡಿದ್ದರು. ಕೊನೆಯ ದಿನ ಮಂಗಳವಾಗಿ, ಪ್ರಸಾದವೂ ಮುಗಿದು, ಬಂದವರೆಲ್ಲ ತಮ್ಮ ತಮ್ಮ ಮನೆಗಳಿಗೆ ತೆರಳಿದ ಮೇಲೆ, ಆ ಮನೆಯ ಹಿರಿಯ ತಾಯಿಯವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ನಮಗೊಂದು ಪ್ರಶ್ನೆ ಕೇಳಿದರು. ಏಳು ದಿನ ನಾವು ಹೇಳಿದ ಮಾತುಗಳಿಗಿಂತ ಅವರ ಆ ಒಂದು ಪ್ರಶ್ನೆಯೇ ಭಾರವಾಗಿತ್ತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಮೊಮ್ಮಗನ ಜವಳದ ಕಾರ್ಯಕ್ಕೆಂದು ಆ ತಾಯಿಯವರು ಮಗಳನ್ನು ಕೊಟ್ಟ ಊರಿಗೆ ಹೋಗಿದ್ದರಂತೆ. ದೊಡ್ಡ ಊರು, ಹೆಸರು ಬೇಡ. ಎದುರಿಗೆ ಒಂದು ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ನೆಲಕ್ಕೆ ಟೈಲ್ಸ್ ಹಾಸುವ ಕೆಲಸಕ್ಕೆ ದೂರದಿಂದ ಬಂದ ಗಂಡಹೆಂಡಿರು, ಅವರಿಗೆ ನಾಲ್ಕೈದು ವರುಷದ ಒಂದು ಹೆಣ್ಣುಕೂಸು. ಮಾತು ತಿಳಿಯದಿದ್ದರೂ ಆ ಕೂಸು ಮೊಮ್ಮಗನೊಡನೆ ಅಂಗಳದಲ್ಲಿ ಆಡಿ ಹೋಗುತ್ತಿತ್ತು. ಒಂದು ಮುಂಜಾನೆ ಪೊಲೀಸರು ಬಂದು ಕಾಗದಪತ್ರ ಕೇಳಿದರು. ತೋರಿಸಿದ್ದು ಸರಿ ಬರಲಿಲ್ಲವೆಂದು ಮೂವರನ್ನೂ ವಿಚಾರಣೆಗಾಗಿ ಕರೆದೊಯ್ದರು. ಪರದೇಶದಿಂದ ಕಳ್ಳದಾರಿಯಲ್ಲಿ ಬಂದವರೆಂದು ಓಣಿಯಲ್ಲಿ ಸುದ್ದಿಯಾಯಿತು. ಆ ದಿನ ಮಧ್ಯಾಹ್ನ ತಾಯಿಯವರು ನಾಲ್ಕು ರೊಟ್ಟಿ, ಪುಂಡಿಪಲ್ಯೆ, ಕೂಸಿಗೆಂದು ಒಂದಿಷ್ಟು ಹಾಲನ್ನ ಡಬ್ಬಿಗೆ ತುಂಬಿ, ನೆರೆಮನೆಯ ಹುಡುಗನ ಕೈಯಲ್ಲಿ ಠಾಣೆಗೆ ಕಳಿಸಿಕೊಟ್ಟರು. ಸಂಜೆ ಅಳಿಯ ಮನೆಗೆ ಬಂದವರು ಇದನ್ನು ಕೇಳಿ ಗಾಬರಿಯಾದರು. “ಅತ್ತೀ, ಅವ್ರು ಯಾವ ದೇಶದವ್ರೋ ಏನೋ, ನಮಗ್ಯಾಕ ಬೇಕ್ರಿ ಈ ಉಸಾಬರಿ” ಎಂದರು.

ತಾಯಿಯವರು ನಮ್ಮನ್ನು ಕೇಳಿದ್ದು ಇಷ್ಟೇ: “ಶಾಸ್ತ್ರಿಗಳ್ರೀ, ಸರಕಾರದವ್ರು ಹಿಡದಾರ ಅಂದ ಮ್ಯಾಲೆ ಅವ್ರಿಗೆ ರೊಟ್ಟಿ ಕೊಟ್ಟಿದ್ದು ತಪ್ಪಾತೇನ್ರಿ?”

ತಪ್ಪಲ್ಲವೆಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಅಳಿಯನ ಭಯವನ್ನೂ ತಳ್ಳಿಹಾಕುವಂತಿರಲಿಲ್ಲ. ಮಕ್ಕಳೊಂದಿಗನಾದ ಸಂಸಾರಸ್ಥನಿಗೆ ಕಾನೂನಿನ ಭಯ ಇರುವುದು ನ್ಯಾಯವೇ.

ಆದ್ದರಿಂದ ಮೊದಲು ಕಾನೂನಿನ ಮಾತು. ಬ್ರಿಟಿಷರ ಕಾಲದಿಂದ ಬಂದಿದ್ದ 1946ರ ವಿದೇಶಿಯರ ಕಾಯ್ದೆಯೂ ಅದರ ಜೊತೆಯ ಇತರ ಮೂರು ಕಾಯ್ದೆಗಳೂ ಈಗ ಇಲ್ಲ. ಅವುಗಳ ಸ್ಥಾನದಲ್ಲಿ ಒಂದೇ ಹೊಸ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದವರಿಗೆ ಐದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ. ಸುಳ್ಳು ಕಾಗದ ಮಾಡಿಕೊಟ್ಟವರಿಗೆ ಇನ್ನೂ ಹೆಚ್ಚು, ಏಳು ವರ್ಷದವರೆಗೆ. ವಸತಿ ನೀಡುವವರು, ಆಸ್ಪತ್ರೆಯವರು, ವಿಶ್ವವಿದ್ಯಾಲಯದವರು ವಿದೇಶಿಯರ ವಿವರವನ್ನು ಸರಕಾರಕ್ಕೆ ತಿಳಿಸತಕ್ಕದ್ದು. ತಾನು ವಿದೇಶಿಯನಲ್ಲವೆಂದು ಸಾಧಿಸುವ ಹೊಣೆ ಹಿಂದಿನಂತೆ ಇಂದಿಗೂ ಹಿಡಿಯಲ್ಪಟ್ಟವನ ಮೇಲೆಯೇ ಇದೆ. ಇದು ಕಠಿಣವಾದುದು. ಹೊಲದ ಪಹಣಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ವರುಷಗಟ್ಟಲೆ ಕಚೇರಿ ಅಲೆದವರು ನಮ್ಮ ಭಕ್ತರಲ್ಲಿಯೇ ಎಷ್ಟು ಮಂದಿಯಿಲ್ಲ! ಅಕ್ಷರ ಬಾರದ ಕೂಲಿಯವನಿಗೆ ಆ ಹೊಣೆ ಎಂಥದೆಂಬುದನ್ನು ಅವರು ಬಲ್ಲರು.

ಇಷ್ಟಾದರೂ ದೇಶಕ್ಕೆ ಗಡಿಯೇ ಬೇಡವೆನ್ನುವವರಲ್ಲಿ ನಾವಿಲ್ಲ. ಮನೆಗೆ ಬಾಗಿಲಿರಬೇಕು, ಬಾಗಿಲಿಗೆ ಅಗಳಿಯೂ ಇರಬೇಕು. ಆದರೆ ಒಳಗೆ ಸಿಕ್ಕಿಬಿದ್ದವನನ್ನು ಹೊರಗೆ ಕಳಿಸುವ ತನಕ ನಡುವೆ ದಿನಗಳಿರುತ್ತವೆ. ಕೆಲವೊಮ್ಮೆ ಅವು ತಿಂಗಳುಗಳಾಗುತ್ತವೆ, ವರುಷಗಳೂ ಆಗುತ್ತವೆ. ಅವನ ದೇಶ ಅವನನ್ನು ತನ್ನವನೆಂದು ಒಪ್ಪಿಕೊಳ್ಳದಿದ್ದರೆ ಆ ಕಾಯುವಿಕೆಗೆ ಕೊನೆಯೆಂಬುದೇ ಕಾಣದು. ಅಸ್ಸಾಮದಲ್ಲಿ ಹೀಗೆ ಬಂಧನದಲ್ಲಿ ಉಳಿದವರನ್ನು ಮೂರು ವರುಷ ಕಳೆದ ಮೇಲೆ ಜಾಮೀನಿನ ಮೇಲೆ ಬಿಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. 2020ರಲ್ಲಿ ಅದನ್ನು ಎರಡು ವರುಷಕ್ಕೆ ಇಳಿಸಿತು. ಆ ತಾಯಿಯವರ ಬುತ್ತಿ ಹೋದದ್ದು ಈ ನಡುವಿನ ದಿನಗಳೊಳಗೆ.

ನಮ್ಮ ರಾಜ್ಯದಲ್ಲಿಯೂ ಅಂಥದೊಂದು ಸ್ಥಳವಿದೆ. ನೆಲಮಂಗಲ ತಾಲೂಕಿನ ಸೊಂಡೇಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವೊಂದನ್ನು, ಗೋಡೆ ಎತ್ತರಿಸಿ, ಮುಳ್ಳುತಂತಿ ಬಿಗಿದು, ಕಾವಲು ಗೋಪುರ ನಿಲ್ಲಿಸಿ, 2019ರ ಕೊನೆಯ ಹೊತ್ತಿಗೆ ವಿದೇಶಿಯರನ್ನು ಇರಿಸುವ ಕೇಂದ್ರವನ್ನಾಗಿ ಸಜ್ಜುಗೊಳಿಸಿದರು. ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದ ನಮಗೆ, ಬಡ ಮಕ್ಕಳು ಓದಿದ ಕೋಣೆಗಳಿಗೆ ತಂತಿಬೇಲಿ ಬಂದಿತೆಂಬ ಸುದ್ದಿ ಕೇಳಿ ಮನಸ್ಸು ಒಂದು ಗಳಿಗೆ ಮಂಕಾಯಿತು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಇಂಥ ಕೇಂದ್ರಗಳು ಹೇಗಿರಬೇಕೆಂದು ಕೇಂದ್ರ ಗೃಹ ಮಂತ್ರಾಲಯವು 2019ರ ಜನವರಿಯಲ್ಲಿ ರಾಜ್ಯಗಳಿಗೆ ಒಂದು ಮಾದರಿ ಕೈಪಿಡಿ ಕಳಿಸಿತ್ತು. ಇವು ಸೆರೆಮನೆಯಿಂದ ಬೇರೆಯಾಗಿರಬೇಕು. ಒಂದೇ ಕುಟುಂಬದವರನ್ನು ಅಗಲಿಸಬಾರದು. ಹಾಲೂಡಿಸುವ ತಾಯಂದಿರ ಬಗೆಗೆ ವಿಶೇಷ ಕಾಳಜಿ ಬೇಕು. ಮಕ್ಕಳನ್ನು ಸಮೀಪದ ಶಾಲೆಗೆ ಸೇರಿಸಿ ಓದಿಸಬೇಕು ಎಂದು ಅದರಲ್ಲಿದೆ. ಇದನ್ನು ಬರೆದವರು ಸಂತರಲ್ಲ, ಸರಕಾರಿ ಅಧಿಕಾರಿಗಳು. ಇನ್ನೂ ಹಿಂದೆ, 1996ರಲ್ಲಿ, ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ಜನರ ಮೊಕದ್ದಮೆಯಲ್ಲಿ, ಸಂವಿಧಾನವು ಕೊಡುವ ಜೀವದ ರಕ್ಷಣೆಯು ಪೌರನಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಲ್ಲಿ ನೆಲೆಸುವ ಹಕ್ಕು ಪೌರನದು ಮಾತ್ರ, ಬದುಕುವ ಹಕ್ಕು ಎಲ್ಲರದು. ಅಳಿಯಂದಿರು ಈ ಎರಡು ಮಾತನ್ನು ಕೂಡಿಸಿ ಒಂದು ಮಾಡಿಕೊಂಡಿದ್ದರು.

ಈ ವಾದ ನಮ್ಮ ಪಡಸಾಲೆಯಲ್ಲಿಯೇ ಹುಟ್ಟಿದ್ದಲ್ಲ. ಕ್ರೈಸ್ತರು ಬಹುಸಂಖ್ಯಾತರಾಗಿರುವ ಅಮೆರಿಕೆಯಲ್ಲಿ ಇದು ಹಲವು ವರುಷಗಳಿಂದ ನಡೆದಿದೆ. ಗಡಿ ದಾಟಿ ಬಂದವರಿಂದ ಅವರ ಮಕ್ಕಳನ್ನು ಬೇರ್ಪಡಿಸಿದಾಗ, 2018ರ ಜೂನ್‌ನಲ್ಲಿ ಅಲ್ಲಿಯ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಅವರು ಆ ನೀತಿಯ ಸಮರ್ಥನೆಗೆ ಬೈಬಲ್ಲನ್ನೇ ಹಿಡಿದರು. ಆಳುವವರಿಗೆ ಅಧೀನರಾಗಿರಬೇಕೆಂದು ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿದೆ ಎಂದರು. ಇರುವುದು ನಿಜ. ಆದರೆ ಹಾಗೆ ಬರೆದ ಪೌಲನೇ ಅನೇಕ ಸಲ ಸೆರೆಯಲ್ಲಿ ಕುಳಿತವನು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ದಿನ ಕೇಳುವ ಪ್ರಶ್ನೆಗಳ ಪಟ್ಟಿಯೇ ಇದೆ. ಪರದೇಶಿಯೂ ಸೆರೆಯಲ್ಲಿರುವವನೂ ಆ ಪಟ್ಟಿಯಲ್ಲಿ ಹೆಸರಿಟ್ಟು ಬಂದಿದ್ದಾರೆ. ಏಸುವಿನ ತಂದೆತಾಯಿಗಳೇ ಅರಸನ ಭಯದಿಂದ ಎಳೆಗೂಸನ್ನು ಎತ್ತಿಕೊಂಡು ಐಗುಪ್ತ ದೇಶಕ್ಕೆ ಓಡಿದವರೆಂಬುದೂ ಆ ಸುವಾರ್ತೆಯಲ್ಲಿಯೇ ಇದೆ.

2025ರ ಜನವರಿಯಲ್ಲಿ ಅಲ್ಲಿಯ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅವರು ಇನ್ನೊಂದು ಬಗೆಯಲ್ಲಿ ವಾದಿಸಿದರು. ಪ್ರೀತಿಗೆ ಒಂದು ಕ್ರಮವುಂಟು. ಮೊದಲು ಮನೆಯವರು, ಆಮೇಲೆ ನೆರೆಯವರು, ಆಮೇಲೆ ಊರು, ದೇಶ, ಕೊನೆಗೆ ಉಳಿದ ಜಗತ್ತು ಎಂದರು. ಕೇಳಿದಾಗ ಸರಿಯೆಂದೇ ತೋರುವ ಮಾತಿದು. ನಮ್ಮ ಅಳಿಯಂದಿರ ಮಾತೂ ಇದೇ ಅಲ್ಲವೇ? ಆಗಿನ್ನೂ ಬದುಕಿದ್ದ ಪೋಪ್ ಫ್ರಾನ್ಸಿಸ್ ಅವರು ಫೆಬ್ರವರಿ 10ರಂದು ಅಮೆರಿಕೆಯ ಬಿಷಪ್ಪರಿಗೆ ಬರೆದ ಪತ್ರದಲ್ಲಿ ಇದನ್ನು ಒಪ್ಪಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪರಜನಾಂಗದವನೊಬ್ಬ ಎತ್ತಿ ಉಪಚರಿಸಿದ ಸಮಾರ್ಯದವನ ಕಥೆಯನ್ನು ಅವರು ನೆನಪಿಸಿದರು. ಹಾಗೆಂದು, ದೇಶಗಳಿಗೆ ತಮ್ಮನ್ನು ಕಾಪಾಡಿಕೊಳ್ಳುವ ಹಕ್ಕಿಲ್ಲವೆಂದು ಅವರೂ ಹೇಳಲಿಲ್ಲ. ನಮಗೆ ತೋರುವಂತೆ, ಮನೆಯವರು ಮೊದಲು ಉಣ್ಣಲಿ, ಅದರಲ್ಲಿ ದೋಷವಿಲ್ಲ. ಆದರೆ ಮನೆಯವರೆಲ್ಲ ಉಂಡು, ಗಡಿಗೆಯಲ್ಲಿ ಅನ್ನ ಉಳಿದಿರುವಾಗಲೂ ಕ್ರಮದ ಮಾತನ್ನೇ ಹೇಳುತ್ತ ಕುಳಿತರೆ ಅದಕ್ಕೆ ಪ್ರೀತಿ ಎನ್ನಲಾಗದು.

ಇದೇ ಕ್ರೈಸ್ತ ಧರ್ಮದವರ ಮೇಲೆ ಇದೇ ಬಗೆಯ ಕಾನೂನು ನಮ್ಮ ಸೀಮೆಯಲ್ಲಿಯೇ ಎರಗಿದ ಕಾಲವೂ ಒಂದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, ಅದರ ಬೆನ್ನಿಗೇ ಹುಬ್ಬಳ್ಳಿಗೆ, ಬೆಟಗೇರಿಗೆ ಬಂದು ನೆಲೆಸಿದರು. ಮತಾಂತರದ ವಿಷಯದಲ್ಲಿ ನಮಗೂ ಅವರಿಗೂ ಒಪ್ಪಿಗೆಯಿಲ್ಲ. ಆದರೆ ಕಿಟ್ಟೆಲ್ ಅವರ 1894ರ ನಿಘಂಟನ್ನು ತೆರೆಯದೆ ನಮ್ಮ ದಿನ ಕಳೆಯುವುದಿಲ್ಲ. ಬಸವಪುರಾಣವನ್ನು ಇಂಗ್ಲಿಷಿಗೆ ತಿರುಗಿಸಿ ಮುಂಬಯಿಯ ವಿದ್ವತ್ ಪತ್ರಿಕೆಯಲ್ಲಿ 1860ರ ದಶಕದಲ್ಲಿ ಪ್ರಕಟಿಸಿದವರು ಆ ಮಿಶನ್ನಿನ ವೂರ್ತ್ ಪಾದ್ರಿಯವರು. 1914ರಲ್ಲಿ ಮಹಾಯುದ್ಧ ಹತ್ತಿತು. ಆ ಮಿಶನ್ನಿನ ಜರ್ಮನ್ ಪಾದ್ರಿಗಳು ಒಂದೇ ರಾತ್ರಿಯಲ್ಲಿ ‘ಶತ್ರುದೇಶದ ಪ್ರಜೆಗಳು’ ಆದರು. ಅನೇಕರನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿ, ಕೊನೆಗೆ ಹಡಗು ಹತ್ತಿಸಿ ಕಳಿಸಿದರು. ಅವರ ಹೆಂಚಿನ, ನೇಯ್ಗೆಯ ಕಾರ್ಖಾನೆಗಳು ಬೇರೆಯವರ ಪಾಲಾದವು. ಹಿಡಿದವರೂ ಕ್ರೈಸ್ತರು, ಹಿಡಿಯಲ್ಪಟ್ಟವರೂ ಕ್ರೈಸ್ತರು! ಸ್ವಧರ್ಮೀಯನನ್ನು ಸ್ವಧರ್ಮೀಯನೇ ಕಾಗದ ನೋಡಿ ಕೂಡಿಹಾಕಬಲ್ಲನೆಂಬುದನ್ನು ಕಂಡ ಮೇಲೆ, ಕರುಣೆಯ ಗುತ್ತಿಗೆಯನ್ನು ಯಾವುದೇ ಮತದ ಹೆಸರಿಗೆ ಬರೆದುಕೊಡಲು ನಮಗೆ ಧೈರ್ಯವಾಗದು.

ನಮ್ಮದಕ್ಕೂ ಅಷ್ಟೇ. ಕಲ್ಯಾಣದ ಮಹಾಮನೆಗೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು, ಸೌರಾಷ್ಟ್ರದಿಂದ ಆದಯ್ಯನವರು, ಅಫಘಾನಿಸ್ತಾನದ ಕಡೆಯಿಂದ ಮರುಳಶಂಕರದೇವರು ಬಂದರೆಂದು ನಾವು ಪ್ರವಚನಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಆ ಮರುಳಶಂಕರದೇವರು ಹನ್ನೆರಡು ವರುಷ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿಯೇ ಇದ್ದರೂ ಯಾರ ಲಕ್ಷ್ಯಕ್ಕೂ ಬರಲಿಲ್ಲ, ಅಲ್ಲಮಪ್ರಭುಗಳು ಬಂದು ಗುರುತಿಸಬೇಕಾಯಿತು ಎಂಬುದನ್ನು ಹೇಳುವಾಗ ಮಾತ್ರ ನಮ್ಮ ದನಿ ತಗ್ಗುತ್ತದೆ. ಕಲ್ಯಾಣದ ಕ್ರಾಂತಿಯಾದ ಮೇಲೆ ಚೆನ್ನಬಸವಣ್ಣನವರೊಡನೆ ಶರಣರು ಉಳವಿಯ ಕಾಡಿನತ್ತ ನಡೆದಾಗ ಬೆನ್ನ ಹಿಂದೆ ಅರಸನ ಸೈನ್ಯವಿತ್ತು. ಅಂದಿನ ದಂಡನಾಯಕರ ಲೆಕ್ಕದಲ್ಲಿ ಅವರೆಲ್ಲರೂ ತಲೆತಪ್ಪಿಸಿಕೊಂಡು ಹೊರಟವರೇ. ದಾರಿಯ ಹಳ್ಳಿಗಳಲ್ಲಿ ಅವರಿಗೆ ಅಂಬಲಿ ಕೊಟ್ಟ ತಾಯಂದಿರ ಹೆಸರು ಯಾವ ಪುರಾಣದಲ್ಲಿಯೂ ಇಲ್ಲ.

ಕಾಗಿನೆಲೆಯಿಂದ ಹಾನಗಲ್ಲಿನ ದಾರಿ ಹಿಡಿದು ಮುಂದೆ ಹೋದರೆ ಮುಂಡಗೋಡ. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, 1966ರಲ್ಲಿ, ಅಲ್ಲಿ ಟಿಬೇಟಿನ ನಿರಾಶ್ರಿತರಿಗೆ ನೆಲೆ ಕೊಡಲಾಯಿತು. ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುವವರು. ನಮ್ಮವರು ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿಯ ದ್ರೆಪುಂಗ್, ಗಾಂದೆನ್ ಮಠಗಳನ್ನು ನೋಡಿಬರುತ್ತಾರೆ, ಚಳಿಗಾಲದಲ್ಲಿ ಅವರಿಂದ ಸ್ವೆಟರ್ ಕೊಳ್ಳುತ್ತಾರೆ. ಈ ಅರವತ್ತು ವರುಷಗಳಲ್ಲಿ ಕಾನೂನೂ ಸಡಿಲವಾಗಿಲ್ಲ, ಕರುಣೆಯೂ ಕುಂದಿಲ್ಲ. ಸರಕಾರ ಮನಸ್ಸು ಮಾಡಿದರೆ ಎರಡೂ ಒಂದೇ ಕಡತದಲ್ಲಿ ಹಿಡಿಸುತ್ತವೆ.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾಗದು. ನಾವು ಇಪ್ಪತ್ತರ ಹರೆಯದಲ್ಲಿದ್ದಾಗ ಮಠವೊಂದರಲ್ಲಿ ರಾತ್ರಿಯ ಪ್ರಸಾದದ ಉಸ್ತುವಾರಿ ನಮ್ಮದಾಗಿತ್ತು. ಜಡಿಮಳೆಯ ಒಂದು ರಾತ್ರಿ ಗಂಡಹೆಂಡಿರಿಬ್ಬರು ಬಾಗಿಲಿಗೆ ಬಂದರು. ಯಾವ ಊರೆಂದು ಕೇಳಿದೆವು. ಅವರ ಮಾತು ನಮಗೆ ತಿಳಿಯಲಿಲ್ಲ, ನಮ್ಮದು ಅವರಿಗೆ ತಿಳಿಯಲಿಲ್ಲ. ಆ ದಿನಗಳಲ್ಲಿ ಕಳವುಗಳಾಗಿದ್ದವು. ಬೆಳಿಗ್ಗೆ ಬರಲು ಕೈಸನ್ನೆ ಮಾಡಿ ಅಗಳಿ ಹಾಕಿದೆವು. ಬೆಳಿಗ್ಗೆ ಅವರು ಇರಲಿಲ್ಲ. ವಿಷಯ ತಿಳಿದ ಗುರುಗಳು ಬೈಯಲಿಲ್ಲ. ರಾತ್ರಿ ಎಷ್ಟು ರೊಟ್ಟಿ ಉಳಿದಿದ್ದವೆಂದು ಮಾತ್ರ ಕೇಳಿದರು. ಹನ್ನೊಂದು ಉಳಿದಿದ್ದವು.

ಆ ಕಾರಣಕ್ಕಾಗಿಯೇ ತಾಯಿಯವರಿಗೆ ಉತ್ತರ ಹೇಳುವಾಗ ನಾವು ಎತ್ತರದ ಪೀಠದಿಂದ ಮಾತನಾಡಲಿಲ್ಲ. ಅವರನ್ನು ಅಡಗಿಸಿಟ್ಟಿದ್ದರೆ, ಪೊಲೀಸರಿಗೆ ಸುಳ್ಳು ಹೇಳಿದ್ದರೆ, ಸುಳ್ಳು ಕಾಗದಕ್ಕೆ ಸಾಕ್ಷಿ ಹಾಕಿದ್ದರೆ ಅಳಿಯಂದಿರ ಮಾತೇ ಸರಿಯಾಗುತ್ತಿತ್ತು; ಹಾಗೆ ಮಾಡಬೇಡಿರಿ ಎಂದೆವು. ಠಾಣೆಯ ಬಾಗಿಲಿನಿಂದ, ಪೊಲೀಸರ ಕಣ್ಣೆದುರಿಗೆ ಒಳಗೆ ಹೋದ ಬುತ್ತಿಯಲ್ಲಿ ಮುಚ್ಚುಮರೆಯೇನಿದೆ? ಅವರು ಯಾರು, ಉಳಿಯಬೇಕೋ ಹೋಗಬೇಕೋ ಎಂಬುದನ್ನು ಸರಕಾರ ನೋಡಲಿ. ಆ ಕೂಸಿಗೆ ಮಧ್ಯಾಹ್ನ ಹಸಿವಾಗಿತ್ತೇ ಎಂಬುದನ್ನು ಯಾರಾದರೊಬ್ಬರು ನೋಡಬೇಕಾಗಿತ್ತು, ನೀವು ನೋಡಿದಿರಿ ಎಂದೆವು. ಎಲ್ಲ ಪ್ರಸಂಗಗಳೂ ಇಷ್ಟು ಸುಲಭವಾಗಿರುವುದಿಲ್ಲವೆಂಬುದನ್ನು ನಾವು ಬಲ್ಲೆವು. ತಮ್ಮ ನಾಡಿಗೆ ಮರಳಿದರೆ ಜೀವವೇ ಉಳಿಯದು ಎನ್ನುವವನು ಹಿತ್ತಲ ಬಾಗಿಲಿಗೆ ಬಂದು ನಿಂತರೆ ಏನು ಹೇಳಬೇಕು? ಅದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ.

ಆ ಮೂವರು ಮುಂದೆ ಏನಾದರೆಂದು ವಿಚಾರಿಸಿದೆವು. ಎರಡನೆಯ ದಿನ ಬೆಂಗಳೂರ ಕಡೆಗೆ ಕರೆದೊಯ್ದರೆಂದು ಓಣಿಯವರು ಆಡಿಕೊಂಡರಂತೆ. ಅದಕ್ಕಿಂತ ಹೆಚ್ಚಿಗೆ ತಾಯಿಯವರಿಗೂ ಗೊತ್ತಿರಲಿಲ್ಲ. ಡಬ್ಬಿ ತಿರುಗಿ ಬಂತೇ ಎಂದು ಕೇಳಿದೆವು.

“ಇಲ್ರಿ. ಸ್ಟೀಲಿಂದು, ಮುಚ್ಚಳ ಗಟ್ಟಿ ಇತ್ತು. ಇರ್ಲಿ ಬಿಡ್ರಿ, ದಾರ್‍ಯಾಗ ಕೂಸಿಗೆ ಅನ್ನ ಇಟಗೊಳ್ಳಾಕ ಬರತೈತಿ” ಎಂದು ಹೇಳಿ, ನಮಗೆ ಹಾಸಿಗೆ ಹಾಸಲು ಒಳಗೆದ್ದು ಹೋದರು.