ಮನೆಯ ಆರೋಗ್ಯ: ‘ಶಕ್ತಿ ಹೆಚ್ಚಿಸುವ’ ಮಾತ್ರೆಗಳು

ಮಳೆಗಾಲ ಮುಗಿದು ಚಳಿ ಕಾಲಿಡುವ ದಿನಗಳಲ್ಲಿ ನೆಗಡಿ, ಕೆಮ್ಮು, ಜ್ವರಗಳು ಕಾಚಿಗೂಡದ ನಮ್ಮ ಮನೆಗಳಿಗೆ ಕರೆಯದೆ ಬರುವ ನೆಂಟರು. ನಿಜವಾದ ನೆಂಟರು ಕಲಬುರ್ಗಿಯಿಂದಲೋ ರಾಯಚೂರಿನಿಂದಲೋ ಬಂದಿಳಿದರೆ ಅವರ ಚೀಲದಲ್ಲಿಯೂ ಮಾತ್ರೆಯ ಪಟ್ಟಿಯೊಂದು ಇದ್ದೇ ಇರುತ್ತದೆ. “ವೈರಸ್ಸನ್ನು ಕೊಲ್ಲುತ್ತದೆ, ಮೈಶಕ್ತಿಯನ್ನೂ ಹೆಚ್ಚಿಸುತ್ತದೆ, ತೆಗೆದುಕೊಳ್ಳಿ” ಎಂಬ ಪ್ರೀತಿಯ ಒತ್ತಾಯ ಬೇರೆ. ಇಂಥ ಮಾತ್ರೆಗಳನ್ನು ಕುರಿತು ಈ ಸಲ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ವೈರಸ್ಸಿನ ಮೇಲೆ ನೇರವಾಗಿ ಕೆಲಸಮಾಡುವ ಔಷಧಿ ಒಂದು ಬಗೆ. ನಮ್ಮ ರಕ್ತದಲ್ಲಿರುವ ರಕ್ಷಕ ಕಣಗಳನ್ನು ಹುರಿದುಂಬಿಸುವ ಔಷಧಿ ಇನ್ನೊಂದು ಬಗೆ. ಎರಡನೆಯದಕ್ಕೆ ಉದಾಹರಣೆ ಇನೊಸಿನ್ ಪ್ರಾನೊಬೆಕ್ಸ್. 1971ರಿಂದ ಬಳಕೆಗೆ ಬಂದ ಈ ಮಾತ್ರೆಯನ್ನು ಸರ್ಪಸುತ್ತಿನ ಜಾತಿಯ ಕೆಲವು ವೈರಸ್ ರೋಗಗಳಿಗೂ, ದಡಾರ ಬಂದು ಎಷ್ಟೋ ವರ್ಷಗಳ ಮೇಲೆ ಮಕ್ಕಳ ಮಿದುಳನ್ನು ಹಿಡಿಯುವ ಒಂದು ಘೋರ ವ್ಯಾಧಿಗೂ ವೈದ್ಯರು ಕೊಡುತ್ತಾರೆ. 500 ಮಿಲಿಗ್ರಾಂನ ಮಾತ್ರೆಯಾದರೆ ವಯಸ್ಕರಿಗೆ ದಿನಕ್ಕೆ 6ರಿಂದ 8 ಬೇಕಾಗುತ್ತದೆ. ಅದನ್ನು ಮೂರು ನಾಲ್ಕು ವೇಳೆಗೆ ಹಂಚಿ ಕೊಡುವುದು ರೂಢಿ.

ಹಾಗಾದರೆ ಸಾಧಾರಣ ಶೀತಜ್ವರಕ್ಕೂ ಇದನ್ನೇ ನುಂಗಬಹುದಲ್ಲ ಎಂದು ವಾಚಕರು ಕೇಳಬಹುದು. ಜೆಕ್ ದೇಶದಲ್ಲಿ 463 ಮಂದಿ ಫ್ಲೂ ಬಗೆಯ ಜ್ವರದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾತ್ರೆ ನುಂಗಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ಒಟ್ಟಿನಲ್ಲಿ ಹೇಳಿಕೊಳ್ಳುವಂಥ ಅಂತರವೇನೂ ಕಾಣಲಿಲ್ಲ. 50 ವರ್ಷದೊಳಗಿನ, ಬೇರೆ ಕಾಯಿಲೆಯಿಲ್ಲದವರು ಮಾತ್ರ ಸ್ವಲ್ಪ ಬೇಗ ಚೇತರಿಸಿಕೊಂಡರು. ಅಂದರೆ ಯಾರಿಗೆ ಅಗತ್ಯ ಕಡಿಮೆಯೋ ಅವರಿಗೇ ಲಾಭ!

ಅಪಾಯವೋ ಹಿರಿಯರಿಗೇ ಹೆಚ್ಚು. ಈ ಔಷಧಿಯ ಇನೊಸಿನ್ ಮೈಯಲ್ಲಿ ಕರಗಿ ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಗೌಟ್ ಎಂಬ ಕೀಲುನೋವು ಇರುವವರು, ಮೂತ್ರಪಿಂಡದಲ್ಲಿ ಕಲ್ಲಿರುವವರು ಇದನ್ನು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ತನ್ನ ರಕ್ಷಣಾಶಕ್ತಿಯೇ ತನ್ನ ಮೈಮೇಲೆ ತಿರುಗಿಬಿದ್ದ ರೋಗವುಳ್ಳವರಿಗೂ, ಬದಲಿ ಮೂತ್ರಪಿಂಡ ಹಾಕಿಸಿಕೊಂಡವರಿಗೂ ‘ಶಕ್ತಿ ಹೆಚ್ಚಿಸುವುದು’ ಉಪಕಾರವಲ್ಲ, ಅಪಕಾರ. ಮನೆಮದ್ದೆಂದು ನಂಬಿದ ಅಮೃತಬಳ್ಳಿಯ ವಿಷಯದಲ್ಲಿಯೂ, ಅದನ್ನು ಸೇವಿಸಿದ ಆರು ಮಂದಿಯ ಯಕೃತ್ತು ಕೆಟ್ಟುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲವಾದರೂ ಎಚ್ಚರಿಕೆಗೆ ದುಡ್ಡು ಬೀಳುವುದಿಲ್ಲವಷ್ಟೆ.

ನಮ್ಮ ಹೈದರಾಬಾದು ಔಷಧಿಗಳ ಊರು. 2020ರ ಕೋವಿಡ್ ಕಾಲದಲ್ಲಿ ಫಾವಿಪಿರಾವಿರ್ ಮಾತ್ರೆಯನ್ನು ಇಲ್ಲಿಯ ಹೆಟೆರೊ ಕಂಪನಿ ಒಂದಕ್ಕೆ 59 ರೂಪಾಯಿಯಂತೆ ಮಾರುಕಟ್ಟೆಗೆ ತಂದಿತು. ಇದು ಮೊದಲನೆಯ ಬಗೆಯ ಔಷಧಿ. ಮೊದಲ ದಿನ 18, ಆಮೇಲೆ ದಿನಕ್ಕೆ 8ರಂತೆ 14 ದಿನದ ಪೂರ್ತಿ ಚಿಕಿತ್ಸೆಗೆ 122 ಮಾತ್ರೆ. ಖರ್ಚು 7,000 ರೂಪಾಯಿಗೂ ಮಿಕ್ಕಿತು. ಎಷ್ಟೋ ಮನೆಯವರು ಕಷ್ಟಪಟ್ಟು ಕೊಂಡರು. 2023ರ ಮಾರ್ಚಿಯಲ್ಲಿ ಭಾರತ ಸರ್ಕಾರದ ಮಾರ್ಗಸೂಚಿ ಇದನ್ನು ಕೋವಿಡ್‌ಗೆ ಬಳಸಕೂಡದ ಔಷಧಿಗಳ ಸಾಲಿಗೇ ಸೇರಿಸಿತು. ಇದೂ ಯೂರಿಕ್ ಆಮ್ಲವನ್ನು ಏರಿಸುವಂಥದ್ದು, ಗರ್ಭಿಣಿಯರಿಗಂತೂ ನಿಷಿದ್ಧ. ಆಗ ಉಳಿದ ಪಟ್ಟಿ ಇನ್ನೂ ಯಾರ ಕಪಾಟಿನಲ್ಲಾದರೂ ಇದ್ದರೆ ದಯವಿಟ್ಟು ತೆಗೆದುಹಾಕಿರಿ.

ಪರಊರಿನಲ್ಲಿ ನೆಲಸಿದ ನಮಗೆ ಇನ್ನೊಂದು ತೊಡಕುಂಟು. ಅಂಗಡಿಯವನ ಮಾತು ತೆಲುಗು, ಪಟ್ಟಿಯ ಮೇಲಿನ ಅಕ್ಷರ ಇಂಗ್ಲಿಷು, ಮನೆಯ ಅಜ್ಜಿಗೆ ಬರುವುದು ಕನ್ನಡವೊಂದೇ. ಆದ್ದರಿಂದ ಒಂದು ಕಾಗದದಲ್ಲಿ ಹಿರಿಯರ ಕಾಯಿಲೆಗಳು, ನಿತ್ಯದ ಔಷಧಿಗಳು, ಒಗ್ಗದ ಔಷಧಿಗಳು ಇವಿಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅವರ ಕೈಚೀಲದಲ್ಲಿಡತಕ್ಕದ್ದು. ಊರಿನ ಡಾಕ್ಟರು ಕೊಟ್ಟ ಮಾತ್ರೆ ಊರಿನ ಆ ರೋಗಿಗೆ ಕೊಟ್ಟದ್ದೇ ಹೊರತು ಇಲ್ಲಿಯ ಅತ್ತೆಯವರಿಗಲ್ಲ.

ಜ್ವರ ಮೂರು ದಿನ ಬಿಡದಿದ್ದರೆ, ಉಸಿರು ಕಟ್ಟಿದರೆ, ಮಂಕು ಕವಿದರೆ ಮಾತ್ರೆ ಹುಡುಕುತ್ತ ಕೂರಬೇಡಿ; ನಮಗೆ ಹತ್ತಿರದಲ್ಲೇ ನಲ್ಲಕುಂಟೆಯಲ್ಲಿ ಸರ್ಕಾರದ ಫೀವರ್ ಆಸ್ಪತ್ರೆಯಿದೆ. ಫ್ಲೂ ಔಷಧಿ ಬೇಕಾದರೂ ಮೊದಲ ಎರಡು ದಿನದೊಳಗೆ ಶುರುವಾದರೇ ಹೆಚ್ಚು ಫಲ. ರಕ್ಷಣಾಶಕ್ತಿಗೆ ಸರಿಯಾದ ಪಾಠ ಹೇಳಿಕೊಡುವುದು ಲಸಿಕೆ. ಮೇಲೆ ಹೇಳಿದ ಮಿದುಳಿನ ವ್ಯಾಧಿಗೆ ಮಾತ್ರೆಯಿಂದ ಪೂರ್ತಿ ಗುಣವಿಲ್ಲ. ಆದರೆ ಮಗುವಿಗೆ ಒಂಬತ್ತು ತಿಂಗಳಲ್ಲಿ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ದಡಾರದ ಲಸಿಕೆ ಹಾಕಿಸಿದರೆ ಅದು ಬಾರದಂತೆ ತಡೆಯಬಹುದು. ಊರಿಗೆ ಹೋಗಿಬರುವ ಗಡಿಬಿಡಿಯಲ್ಲಿ ಎರಡನೆಯದು ತಪ್ಪಿಹೋಗಿದೆಯೇ? ಇಂದು ರಾತ್ರಿಯೇ ಮಗುವಿನ ಲಸಿಕೆಯ ಚೀಟಿಯನ್ನು ತೆಗೆದು ನೋಡಿರಿ.